ಕೆರೆ ಓಣಿಯ ಕೆಂಪು ಗೆರೆ

ಕಡತ ನನ್ನ ಮೇಜಿಗೆ ಬಂದಾಗ ಅದರ ಜೊತೆಗೆ ಒಂದು ಮಾತೂ ಬಂತು. “ಎಲ್ಲಾ ಮುಗದದ ಮೇಡಂ, ನಿಮ್ಮದೊಂದು ಸಹಿ ಬಾಕಿ ಅದ ಅಷ್ಟೇ.” ಗುಮಾಸ್ತರು ಇಷ್ಟು ಹೇಳಿ ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದು ಕೊಟ್ಟರು. ನಾನು ಆ ಪುರಸಭೆಗೆ ಎಂಜಿನಿಯರ್ ಆಗಿ ಬಂದು ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ. ಯಾರಾದರೂ ನನ್ನ ಕೈಗೆ ಮುಚ್ಚಳ ತೆಗೆದ ಪೆನ್ನು ಕೊಟ್ಟರೆ ನನಗೆ ಮೈ ಉರಿಯುತ್ತದೆ. ಮುಧೋಳದಲ್ಲಿರುವ ನಮ್ಮವ್ವ ಈ ಗುಣಕ್ಕೆ ಮೊಂಡುತನ ಎಂದು ಎಂದೋ ಹೆಸರಿಟ್ಟಿದ್ದಾಳೆ. ಮುಚ್ಚಳ ಹಾಕಿ ಪೆನ್ನು ಅವರಿಗೇ ವಾಪಸ್ ಕೊಟ್ಟು, “ಮೊದಲ ಜಾಗಾ ನೋಡ್ತೀನ್ರಿ” ಎಂದೆ.

ಊರಿನ ಹೆಸರು ಬೇಡ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಯಾವ ಕಡೆಯಿಂದ ಬಂದರೂ ದಾರಿಯಲ್ಲಿ ಸಿಗುವಂಥ ಊರು. ಮೇಲೆ ಎರೆಮಣ್ಣು, ಕೆಳಗೆ ಹಾಸುಗಲ್ಲು. ಕೆಲಸದ ಹೆಸರು ಕಡತದ ಮೇಲೆ ಮೂರು ಸಾಲು ಉದ್ದವಿತ್ತು. ಹುರುಳು ಇಷ್ಟೇ: ಪೇಟೆಯಿಂದ ಇಳಿಯುವ ಹೊಲಸು ನೀರು ಕೆರೆಗೆ ಬೀಳದಂತೆ ತಡೆದು, ಕೆರೆ ದಂಡೆಯ ಓಣಿಯ ಉದ್ದಕ್ಕೂ ಕಾಂಕ್ರೀಟ್ ಚರಂಡಿ ಕಟ್ಟಿ, ಕೋಡಿಯ ಆಚೆಗಿರುವ ಶುದ್ಧೀಕರಣ ಘಟಕಕ್ಕೆ ಮುಟ್ಟಿಸುವುದು. ಇಬ್ಬರು ಬಿಡ್ ಹಾಕಿದ್ದರು. ಒಬ್ಬ ಗುತ್ತಿಗೆದಾರ ಅದೇ ಊರಿನವರು, ಇನ್ನೊಬ್ಬರು ಶಹಾಬಾದಿನವರು. ಪೋರ್ಟಲ್‌ನಲ್ಲಿ ತಾಂತ್ರಿಕ ಲಕೋಟೆ ತೆರೆದಾಗಿತ್ತು. ದರದ ಲಕೋಟೆ ತೆರೆಯಬೇಕಾದರೆ, ಅಂದಾಜು ಸರಿಯಿದೆ, ಇಬ್ಬರೂ ಅರ್ಹರು ಎಂದು ನಾನು ಷರಾ ಬರೆಯಬೇಕಿತ್ತು. ಹಿಂದಿನ ಎಂಜಿನಿಯರ್ ವರ್ಗವಾಗಿ ಹೋಗಿದ್ದರಿಂದ ಆ ಒಂದು ಷರಾ ನನ್ನ ಪಾಲಿಗೆ ಉಳಿದಿತ್ತು.

ಕೆರೆ ದಂಡೆಗೆ ಹೋದರೆ ಮೊದಲು ಕಂಡದ್ದು ಜಲ್ಲಿಯ ರಾಶಿ. ಪಕ್ಕದಲ್ಲಿ ಎಂ-ಸ್ಯಾಂಡ್. ಊರಿನ ಗುತ್ತಿಗೆದಾರರು ಅಲ್ಲೇ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎದ್ದು ನಿಂತು ನಮಸ್ಕಾರ ಮಾಡಿದರು.

“ಬರ್ರಿ ಮೇಡಂ, ಕುಂದ್ರಿ. ಚಾ ತರಸ್ತೀನಿ.”

“ಈ ಜಲ್ಲಿ ಯಾರದ್ರೀ?”

“ನಂದೇರಿ.”

“ದರದ ಲಕೋಟಿ ಇನ್ನಾ ತೆಗೆದಿಲ್ಲಲ್ರಿ?”

“ತೆಗೀತಾರಲ್ರಿ ಮೇಡಂ,” ಎಂದು ಅವರು ನಕ್ಕರು. ಆ ನಗೆಯಲ್ಲಿ ಅಳುಕಾಗಲೀ ಕಳ್ಳತನವಾಗಲೀ ಇರಲಿಲ್ಲ. ಕೆಲಸ ತನ್ನದೇ ಎಂದು ಅವರಿಗೆ ಗೊತ್ತಿತ್ತು, ಶಹಾಬಾದಿನವರಿಗೂ ಗೊತ್ತಿತ್ತು, ಬೇವಿನ ಮರಕ್ಕೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಚಹಾ ಕುಡಿಯದೆ ಓಣಿಗೆ ಇಳಿದೆ.

ಇಳಿದೆ ಎಂದರೆ ನಿಜವಾಗಿಯೂ ಇಳಿದೆ. ಕೆರೆ ಓಣಿಯ ಮನೆಗಳೆಲ್ಲ ಬೀದಿಗಿಂತ ತಗ್ಗಿನಲ್ಲಿವೆ. ಬಾಗಿಲಲ್ಲಿ ನಿಂತವರ ತಲೆ ನಮ್ಮ ಎದೆಯ ಮಟ್ಟಕ್ಕೆ ಬರುತ್ತದೆ. ಇದಕ್ಕೆ ಕಾರಣ ನಮ್ಮ ಫರಸಿ ಕಲ್ಲು. ಶಹಾಬಾದ್ ಫರಸಿ ಇಲ್ಲಿ ಮಣ್ಣಿನಷ್ಟೇ ಧಾರಾಳ. ಮನೆ ಮುಂದಿನ ಗಟಾರದ ಮೇಲೆ ಅದನ್ನು ಹಾಸಿ ಕಟ್ಟೆ ಮಾಡಿಕೊಳ್ಳುವುದು ರೂಢಿ. ಮನೆಯಲ್ಲಿ ಮದುವೆ ಬಂತೆಂದರೆ ಹಳೆಯ ಫರಸಿ ಕೀಳದೆ, ಅದರ ಮೇಲೇ ಮಣ್ಣು ಕೊಟ್ಟು ಹೊಸದು ಹಾಸುತ್ತಾರೆ. ಬೀಗರು ಬಂದು ಕೂರುವ ಜಾಗ ನೆರೆಮನೆಯದಕ್ಕಿಂತ ನಾಲ್ಕು ಬೆರಳಾದರೂ ಎತ್ತರವಿರಬೇಕಲ್ಲ! ಮಗನಿಗೊಂದು ಪದರ, ಮಗಳಿಗೊಂದು ಪದರ. ಹೀಗೆ ಬೀದಿ ಏರುತ್ತಾ ಹೋಗಿದೆ, ಮನೆಗಳು ಇದ್ದಲ್ಲೇ ಉಳಿದಿವೆ.

ಓಣಿಯ ನಡುಮಧ್ಯೆ ಒಬ್ಬ ಮುದುಕಿಯ ಮನೆ. ಎಲ್ಲರೂ ಅವರನ್ನು ಖಾಲಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಜೋಳದ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವರ ಕಸುಬು. ನಾನು ಹೋದಾಗ ಫರಸಿಯ ಮೇಲೆ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದರು. ಒಳಗೆ ಹಿಟ್ಟಿನ ಡಬ್ಬಗಳೆಲ್ಲ ಮಂಚದ ಮೇಲೆ, ಜೋಳದ ಚೀಲ ಕಪಾಟಿನ ಮೇಲೆ. ಯಾಕೆ ಎಂದು ಕೇಳಿದೆ.

“ನಿನ್ನಿ ಮಳಿ ಬಂತಲ್ಲ. ಮಾಡ ಕಂಡ್ರ ಸಾಕು ಬೇಟಿ, ನಾ ಮೊದಲ ಓಡಾದು ಬಚ್ಚಲಕ್ಕ. ನೀರು ಹೊರಗ ಹೋಗೋ ಮೋರಿಗಿ ಕೌದಿ ತುರುಕಿ ಮ್ಯಾಲೊಂದು ಕಲ್ಲಿಡ್ತೀನಿ. ಅದನ್ನೂ ದಬ್ಬಿಕೊಂಡು ಒಳಗ ಬರ್ತದ ನೀರು. ಪೇಟಿ ಹೊಲಸೆಲ್ಲಾ ನನ್ನ ಹಿಟ್ಟಿನ್ಯಾಗ.” ಹಳೆಯ ಕೌದಿಯೊಂದರ ತುಂಡನ್ನು ಗಟ್ಟಿಯಾಗಿ ಸುತ್ತಿ ಹೊಲಿದ ಒಂದು ಉಂಡೆ ಬಾಗಿಲ ಹಿಂದೆ ಇತ್ತು. ಎತ್ತಿ ತೋರಿಸಿದರು. “ಹೊಸಾ ನಾಲಿ ಬರ್ತದಂತಲ್ಲ, ಯಾವಾಗ ಬರ್ತದ?”

ಆ ಪ್ರಶ್ನೆ ಹೊತ್ತುಕೊಂಡು ಕಚೇರಿಗೆ ಬಂದು ನಕ್ಷೆ ಹರಡಿದೆ. ಪೇಟೆಯಿಂದ ಕೋಡಿಯವರೆಗೆ ಚರಂಡಿಯ ತಳದ ಗೆರೆ ಎಲ್ಲೂ ಅಲುಗದೆ ಚೆಂದವಾಗಿ ಇಳಿದಿತ್ತು. ಇಳಿಜಾರು ಪುಸ್ತಕದಲ್ಲಿದ್ದಂತೆ. ಆದರೆ ನೆಲದ ಮಟ್ಟದ ಗೆರೆ ಮಾತ್ರ ಪ್ರತಿ ಮನೆಯ ಹದ್ದಿಗೆ ಬಂದಾಗ ಮೆಟ್ಟಿಲಿನಂತೆ ಹಾರುತ್ತಿತ್ತು. ಎರೆಭೂಮಿ ಹಾಗೆ ಹಾರುವುದಿಲ್ಲ. ಹಾರುವುದು ಫರಸಿ. ಸಮೀಕ್ಷೆಯವರು ಮಟ್ಟವನ್ನೆಲ್ಲ ಫರಸಿಯ ಬೆನ್ನ ಮೇಲಿಂದಲೇ ತೆಗೆದು, ಅಲ್ಲಿಂದ ಸರಾಸರಿ ಒಂದೂವರೆ ಅಡಿ ಕೆಳಗೆ ಚರಂಡಿಯ ತಳ ಬರೆದಿದ್ದರು. ಮನೆಗಳ ಬಚ್ಚಲು ಎಷ್ಟು ಆಳದಲ್ಲಿದೆ ಎಂಬ ಅಂಕಿ ಇಡೀ ಕಡತದಲ್ಲಿ ಒಂದೂ ಇರಲಿಲ್ಲ. ಸಮೀಕ್ಷೆ ಮಾಡಿದ ಸಲಹೆಗಾರರಿಗೆ ಫೋನ್ ಮಾಡಿದೆ.

“ಬಚ್ಚಲದ ಮಟ್ಟ ಯಾಕ ತಗೊಂಡಿಲ್ರಿ?”

“ಮೇಡಂ, ಒಳಗ ಹೆಣ್ಣಮಕ್ಕಳಿರ್ತಾರ. ಗಂಡಸ್ರು ಬಚ್ಚಲತನಕಾ ಹೆಂಗ ಹೋಗ್ಲಿಕ್ಕಾಗ್ತದ್ರಿ?”

ಅವರ ಮಾತು ಸುಳ್ಳಲ್ಲ. ನಮ್ಮ ಕಡೆ ಹಗಲು ಹೊತ್ತು ಯಾವ ಜಾತಿಯ, ಯಾವ ಧರ್ಮದ ಮನೆಯಾದರೂ ಗುರುತಿಲ್ಲದ ಗಂಡಸು ಹೊಸ್ತಿಲು ದಾಟುವುದಿಲ್ಲ. ಬಾಗಿಲಲ್ಲೇ ಕೆಮ್ಮಿ ಹಿಂದಕ್ಕೆ ಸರಿಯುತ್ತಾನೆ. ಒಳ್ಳೆಯ ನಡತೆಯೇ. ಆದರೆ ಆ ಒಳ್ಳೆಯ ನಡತೆಯಿಂದಾಗಿ ಒಂದು ಓಣಿಯ ಬಚ್ಚಲುಗಳೆಲ್ಲ ನಕ್ಷೆಯಿಂದಲೇ ಬಿಟ್ಟುಹೋಗಿದ್ದವು.

ನಾನು ಹೆಂಗಸು. ನನಗೆ ಆ ತೊಡಕಿಲ್ಲ. ಮರುದಿನವೇ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರಿನ ಪೈಪು ತರಿಸಿದೆ. ಉದ್ದದ ಪಾರದರ್ಶಕ ಪೈಪು. ನೀರು ತುಂಬಿದರೆ ಎರಡು ತುದಿಯಲ್ಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ನಡುವೆ ಗೋಡೆ ಬಂದರೂ ಬಾಗಿಲು ಬಂದರೂ. ಅದರ ಜೊತೆ ಒಂದು ಡಬ್ಬ ಕೆಮ್ಮಣ್ಣು. ಒಂದು ತುದಿಯನ್ನು ಹೊರಗೆ ಫರಸಿಯ ಮಟ್ಟಕ್ಕೆ ಹಿಡಿಸಿ, ಇನ್ನೊಂದನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಅಲ್ಲಿಂದ ನಕ್ಷೆಯಲ್ಲಿ ಆ ಮನೆಯೆದುರು ಬರೆದಷ್ಟು ಕೆಳಗೆ ಅಳೆದು ಗೋಡೆಗೆ ಗೆರೆ ಎಳೆಯುವುದು. ಹೊಸ ಚರಂಡಿಯ ತಳ ಬರುವ ಮಟ್ಟ ಅದು. ಖಾಲಾ ಮೊದಲು ಗೊಣಗಿದರು. “ಎಂಜಿನಿಯರ್ ಆಗಿ ಬಚ್ಚಲಾ ನೋಡ್ಲಿಕ್ಕೆ ಬಂದೀಯಲ್ಲ, ನಿನಗ ಬ್ಯಾರೆ ಕೆಲಸ ಇಲ್ಲೇನು?” ಆಮೇಲೆ ತಾವೇ ಹೊರಗಿನ ತುದಿ ಹಿಡಿದು ನಿಂತರು.

ಗೆರೆ ಎಳೆದು ಮುಗಿಸಿ ನೋಡಿದೆ. ಗೆರೆ ಮೋರಿಯ ಬಾಯಿಗಿಂತ ಒಂದು ಗೇಣು ಮೇಲಿತ್ತು. ಎಂದರೆ, ಬಚ್ಚಲ ನೀರು ಹೊರಗೆ ಹೋಗಬೇಕಾದರೆ ಹತ್ತಬೇಕು. ಚರಂಡಿಯ ನೀರು ಒಳಗೆ ಬರಬೇಕಾದರೆ ಬರೀ ಇಳಿದರೆ ಸಾಕು. ಈಗ ಮಳೆಗಾಲಕ್ಕೆ ಬರುವ ನೀರು ಆಮೇಲೆ ದಿನವೂ ಬರುತ್ತದೆ. ಪಕ್ಕದ ಮನೆಗೆ ಹೋದೆ, ಅದರ ಪಕ್ಕದ್ದಕ್ಕೆ ಹೋದೆ. ಹೆಂಗಸರೆಲ್ಲ ಸೇರಿ ಪೈಪು ಹಿಡಿದರು. ಎಲ್ಲೋ ಒಂದು ಕಡೆ ಬೆರಳಷ್ಟು, ಇನ್ನೊಂದು ಕಡೆ ಮೊಳದಷ್ಟು. ಓಣಿಯ ತಗ್ಗಿನ ಮನೆಗಳಲ್ಲೆಲ್ಲ ಕೆಂಪು ಗೆರೆ ಮೋರಿಯ ಮೇಲೇ ಹಾದುಹೋಯಿತು.

ಹಾಗಾದರೆ ಚರಂಡಿಯನ್ನು ಇನ್ನಷ್ಟು ಆಳಕ್ಕೆ ಇಳಿಸಬೇಕು. ಕೋಡಿಯ ಹತ್ತಿರ ಪರೀಕ್ಷಾ ಗುಂಡಿ ತೋಡಿಸಿದೆ. ಎರೆಮಣ್ಣು ಮುಗಿಯುತ್ತಲೇ ಹಾರೆ ಠಣ್ ಎಂದಿತು. ಹಾಸುಗಲ್ಲು. ಆಳಕ್ಕೆ ಹೋಗಬೇಕಾದರೆ ಅದನ್ನು ಕಡಿಯಲೇಬೇಕು. ಅಂದಾಜಿನಲ್ಲಿ ಇದ್ದದ್ದು ಬರೀ ಮಣ್ಣಿನ ಅಗೆತ, ಕಲ್ಲಿನ ಮಾತೇ ಇಲ್ಲ. ಆಗ ನನಗೆ ಇದು ಬರೀ ನಾಚಿಕೆಯಿಂದಾದ ತಪ್ಪಲ್ಲ ಎನ್ನಿಸಿತು. ನಾಚಿಕೆ ಶುರು ಮಾಡಿದ್ದನ್ನು ಅನುಕೂಲ ಮುಂದುವರಿಸಿತ್ತು. ತಳ ಮೇಲಿದ್ದರೆ ಕಲ್ಲು ಕಡಿಯುವ ತಾಪತ್ರಯವಿಲ್ಲ, ಕೆಲಸ ಬೇಗ ಮುಗಿಯುತ್ತದೆ, ಫೋಟೋಗೆ ನೇರವಾಗಿ ಕಾಣುತ್ತದೆ.

ಮುಖ್ಯಾಧಿಕಾರಿಗಳ ಮುಂದೆ ನಕ್ಷೆ, ಅಳತೆ ಎರಡನ್ನೂ ಇಟ್ಟೆ. ಅವರು ಕೆಟ್ಟವರಲ್ಲ, ಅವಸರದವರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಮೇಡಂ, ನೀವು ಹೊಸಬ್ರು. ಮೊದಲ ಕಾರ್ಯಾದೇಶ ಕೊಡೋಣ. ಆಮ್ಯಾಲ ಕಲ್ಲು ಸಿಕ್ತು ಅಂತ ಹೆಚ್ಚುವರಿ ಐಟಂ ಹಾಕಿದ್ರಾತು. ಎಲ್ಲಾ ಕಡೆ ಹಂಗೇ ನಡೀತದ.”

“ಕೆಳಗ ಹೋದ್ರ ಕಲ್ಲು ಸಿಗ್ತದ್ರಿ ಸರ್. ಈ ನಕ್ಷೆದಾಗ ನಾಲಿ ಕೆಳಗ ಹೋಗೂದೇ ಇಲ್ಲ. ಹೆಂಗದನೋ ಹಂಗ ಕಟ್ಟಿ ಕೈ ತೊಳಕೋತಾರ.”

“ಟೆಂಡರ್ ರದ್ದು ಮಾಡಿದ್ರ ಮಾರ್ಚ್ ದಾಟ್ತದ. ಅನುದಾನ ವಾಪಸ್ ಹೋಗ್ತದ. ಆ ಪಾಪ ನಿಮ್ಮ ತಲಿ ಮ್ಯಾಲ.”

“ಬರ್ಲಿ ಸರ್, ನನ್ನ ತಲಿ ಗಟ್ಟಿ ಅದ.”

ಅಂದು ಸಂಜೆ ಕೂತು ಷರಾ ಬರೆದೆ. ಟೆಂಡರ್ ಅಂಗೀಕಾರವಾಗುವ ಮೊದಲು, ಕಾರಣ ಕೊಟ್ಟು ಎಲ್ಲ ಬಿಡ್‌ಗಳನ್ನೂ ತಿರಸ್ಕರಿಸುವ ಅವಕಾಶ ನಿಯಮದಲ್ಲೇ ಇದೆ. ಅಂದಾಜಿನ ಮಟ್ಟಗಳು ತಪ್ಪು, ಈ ನಕ್ಷೆಯಂತೆ ಕಟ್ಟಿದರೆ ಓಣಿ ಮುಳುಗುತ್ತದೆ, ಎರಡೂ ಬಿಡ್ ತಿರಸ್ಕರಿಸಿ ಅಂದಾಜು ತಿದ್ದಿ ಅಲ್ಪಾವಧಿ ಮರು ಟೆಂಡರ್ ಕರೆಯಬೇಕು ಎಂದು ಬರೆದು ಸಹಿ ಹಾಕಿದೆ. ಪೆನ್ನಿನ ಮುಚ್ಚಳ ಈ ಸಲ ನಾನೇ ತೆಗೆದಿದ್ದೆ. ಪರಿಷ್ಕೃತ ಅಂದಾಜಿಗೆ ತಾಂತ್ರಿಕ ಮಂಜೂರಾತಿ ಕೋರಿ ಜಿಲ್ಲೆಯ ಕಾರ್ಯಪಾಲಕ ಎಂಜಿನಿಯರರಿಗೂ ಅದನ್ನು ಕಳಿಸಿದೆ.

ಆಮೇಲೆ ಶುರುವಾಯಿತು ನೋಡಿ ಉಪಚಾರ. ಮುಖ್ಯಾಧಿಕಾರಿಗಳು ಭಾಳ ಅಕ್ಕರೆಯಿಂದ, “ಎರಡು ದಿನ ರಜಾ ಹಾಕಿ ಮುಧೋಳಕ್ಕ ಹೋಗಿ ಬರ್ರಿ. ನಿಮ್ಮ ತಾಯಿಯವರಿಗೆ ಆರಾಮಿಲ್ಲಂತಲ್ಲ?” ಎಂದರು. ನಾನು ರಜೆಯಲ್ಲಿದ್ದರೆ ಪಕ್ಕದ ಊರಿನ ಎಂಜಿನಿಯರ್ ಪ್ರಭಾರ ವಹಿಸಿ ಬೇರೆ ಷರಾ ಬರೆಯಬಹುದು, ಅದಕ್ಕೇ ಈ ಅಕ್ಕರೆ. “ನಮ್ಮವ್ವ ಆರಾಮ ಇದ್ದಾಳ್ರಿ ಸರ್. ಎಮ್ಮಿ ಹಿಂಡ್ಲಿಕತ್ತಾಳ,” ಎಂದೆ. ಆ ತಿಂಗಳು ನೆಗಡಿ, ತಲೆನೋವು, ಸೋದರಮಾವನ ಮಗನ ಮದುವೆ, ಯಾವುದಕ್ಕೂ ನಾನು ರಜೆ ಹಾಕಲಿಲ್ಲ. ಕಚೇರಿಯ ಬೀಗ ತೆಗೆಯುವವನಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅವರ ಹಟಕ್ಕಿಂತ ನನ್ನ ಹಟ ಒಂದು ಫರಸಿ ಎತ್ತರವಾದರೂ ಇರಲಿ ಎಂದು.

ನಿಜವಾಗಿ ನೋವಾದದ್ದು ಓಣಿಯಲ್ಲಿ. ಬಂದ ಕೆಲಸವನ್ನು ಹೊಸ ಮೇಡಂ ನಿಲ್ಲಿಸಿದಳು ಎಂಬ ಸುದ್ದಿಯನ್ನು ಜಲ್ಲಿಯ ರಾಶಿಯ ಹತ್ತಿರದಿಂದಲೇ ಯಾರೋ ಹಬ್ಬಿಸಿದ್ದರು. ನಾನು ಹೋದಾಗ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಖಾಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದರು: “ನೀ ಬರೋಕಿಂತ ಮೊದಲ ನಮಗ ಕೆಟ್ಟ ನಾಲಿಯಾದ್ರೂ ಸಿಗತಿತ್ತು. ಈಗ ಅದೂ ಇಲ್ಲ.”

ನನಗೆ ಅಳು ಬಂತು. ದುಃಖಕ್ಕಿಂತ ಸಿಟ್ಟಿನ ಅಳು. ಕಚೇರಿಯಲ್ಲಿ ಎಲ್ಲರ ಎದುರು ನಿಂತವಳಿಗೆ ಆ ಮಂಚದ ಮೇಲಿನ ಹಿಟ್ಟಿನ ಡಬ್ಬಗಳ ಎದುರು ನಿಲ್ಲಲಾಗಲಿಲ್ಲ. ಅವರ ಹಿಟ್ಟಾದ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದೆ.

“ಖಾಲಾ, ಈ ಗೆರಿಗಿ ಕೈ ಹಚ್ರಿ. ನಾಲಿ ನೀರು ಇಲ್ಲಿ ಹರೀತದ. ಈಗ ಮೋರಿಗಿ ಕೈ ಹಚ್ರಿ. ನಿಮ್ಮ ಬಚ್ಚಲಾ ಇಲ್ಲಿ ಅದ, ಕೆಳಗ. ಕೆಟ್ಟ ನಾಲಿ ಅಂದ್ರ ನಾ ಸಹಿ ಹಾಕ್ತಿದ್ದೆ. ಇದು ನಿಮ್ಮ ಮನಿಗೇ ನಾಲಿ ತಿರುವೂ ಕೆಲಸ. ಒಮ್ಮೆ ಕಾಂಕ್ರೀಟ್ ಬಿತ್ತಂದ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಯಾರೂ ಕೀಳಂಗಿಲ್ಲ.”

ಅವರು ಗೆರೆಯ ಮೇಲೆ ಬೆರಳಿಟ್ಟರು, ಮೋರಿಯ ಮೇಲೆ ಬೆರಳಿಟ್ಟರು. ಮತ್ತೆ ಗೆರೆಯ ಮೇಲೆ. ಆಮೇಲೆ ಒಲೆಯ ಮುಂದೆ ಹೋಗಿ ಕೂತು ಮತ್ತೆ ರೊಟ್ಟಿ ಬಡಿಯತೊಡಗಿದರು. ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಕಾರ್ಯಪಾಲಕ ಎಂಜಿನಿಯರ್ ಖುದ್ದಾಗಿ ಜಾಗ ನೋಡಲು ಬರುತ್ತಾರೆ ಎಂದು ಫೋನ್ ಬಂದದ್ದೇ ತಡ, ಕಚೇರಿಯಲ್ಲಿ ಓಡಾಟ ಶುರುವಾಯಿತು. ಖಾಸಗಿ ಗೋಡೆಗಳ ಮೇಲೆ ಅನುಮತಿ ಇಲ್ಲದೆ ಬಣ್ಣ ಬಳಿದದ್ದಕ್ಕೆ ನನಗೆ ಕಾರಣ ಕೇಳಿ ನೋಟಿಸ್ ಬಂತು. ಅಷ್ಟರಲ್ಲೇ ಮುಖ್ಯಾಧಿಕಾರಿಗಳು ಗೆರೆ ಅಳಿಸಲು ಸುಣ್ಣದ ಬಕೆಟ್ಟು ಕೊಟ್ಟು ಇಬ್ಬರು ದಿನಗೂಲಿಯವರನ್ನು ಓಣಿಗೆ ಕಳಿಸಿದ್ದರು. ವಿಷಯ ತಿಳಿದು ನಾನು ಏದುಸಿರು ಬಿಡುತ್ತಾ ಹೋದಾಗ ಖಾಲಾ ಬಾಗಿಲಿಗೆ ಅಡ್ಡಲಾಗಿ, ಲಟ್ಟಣಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಸುಣ್ಣಾ ಹಚ್ಚಿ ಹೋಗ್ತೀವಿ ಖಾಲಾ, ಸಾಹೇಬ್ರು ಹೇಳ್ಯಾರ,” ಎನ್ನುತ್ತಿದ್ದ ಒಬ್ಬ.

“ಒಳಗ ಹೆಣ್ಣಮಕ್ಕಳಿದ್ದಾರ,” ಎಂದರು ಖಾಲಾ.

ಅವರಿಬ್ಬರೂ ಕೆಮ್ಮಿ ಹಿಂದಕ್ಕೆ ಸರಿದರು. ಪಕ್ಕದ ಮನೆಯ ಬಾಗಿಲಲ್ಲೂ ಒಬ್ಬ ಹೆಂಗಸು, ಎದುರು ಮನೆಯಲ್ಲಿ ಬುದ್ಧನ ಪಟ ತೂಗುಹಾಕಿದ ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೂ. ಇಡೀ ಓಣಿಯಲ್ಲಿ ಆ ಒಂದೇ ಮಾತು. ಸಮೀಕ್ಷೆಯವರನ್ನು ಹೊರಗೆ ನಿಲ್ಲಿಸಿ ಓಣಿಯನ್ನು ನಕ್ಷೆಯಿಂದ ತಪ್ಪಿಸಿದ್ದು ಅದೇ ಮಾತು. ಈಗ ಅದೇ ಮಾತಿಗೆ ಸುಣ್ಣದ ಬಕೆಟ್ಟು ಬಂದ ದಾರಿಯಲ್ಲೇ ವಾಪಸ್ ಹೋಯಿತು. ನಾನು ಅಲ್ಲೇ ಫರಸಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಕಾರ್ಯಪಾಲಕ ಎಂಜಿನಿಯರ್ ಬಂದರು. ನಿವೃತ್ತಿಗೆ ಹತ್ತಿರವಿದ್ದ, ಮಾತು ಕಡಿಮೆಯ ಮನುಷ್ಯ. ಮುಖ್ಯಾಧಿಕಾರಿಗಳು ಅವರನ್ನು ದಂಡೆಯ ಮೇಲಿಂದಲೇ ಕೆರೆ ತೋರಿಸಿ ಕಳಿಸುವ ಅಂದಾಜಿನಲ್ಲಿದ್ದರು. ಕಾರ್ಯಪಾಲಕ ಎಂಜಿನಿಯರ್ ಓಣಿಗೇ ನಡೆದರು, ಆದರೆ ಅದರ ಬಾಯಿಯಲ್ಲಿ ಅವರೂ ರೂಢಿಯಂತೆ ನಿಂತುಬಿಟ್ಟರು. ಖಾಲಾ ತಲೆ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದರು.

“ಬರ್ರಿ ಸಾಹೇಬ್ರ, ಒಳಗ ಬರ್ರಿ. ನಮ್ಮ ಬಚ್ಚಲಾ ನೋಡ್ರಿ. ನಾ ಕರೀಲಿಕತ್ತೀನಲ್ಲ, ಸಂಕೋಚ ಬ್ಯಾಡ.”

ಅವರು ಬೂಟು ಕಳಚಿ, ತಲೆ ಬಗ್ಗಿಸಿ ಮೆಟ್ಟಿಲು ಇಳಿದರು. ಗೆರೆ ನೋಡಿದರು. ನನ್ನಿಂದ ಪೈಪು ಇಸಿದುಕೊಂಡು ಮತ್ತೊಮ್ಮೆ ತಾವೇ ಮಟ್ಟ ಹಿಡಿದರು. ಮೂರು ಮನೆ ಹೊಕ್ಕು ಹೊರಗೆ ಬಂದು, ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಮುಖ್ಯಾಧಿಕಾರಿಗಳಿಗೆ ಇಷ್ಟೇ ಹೇಳಿದರು: “ಇದನ್ನ ಕಟ್ಟಿದ್ರ ನಮ್ಮನ್ನ ಜನ ಬಡೀತಾರ್ರಿ. ತಿದ್ದಿದ ಅಂದಾಜು ಕಳಸ್ರಿ, ಮಂಜೂರು ಮಾಡ್ತೀನಿ.”

ಮರು ಟೆಂಡರ್ ಕರೆದೆವು. ಈ ಸಲ ಕಲ್ಲಿನ ಅಗೆತ ಅಂದಾಜಿನಲ್ಲೇ ಇತ್ತು. ಪ್ರತಿ ಮನೆಯ ಮೋರಿಯ ಮಟ್ಟದ ಪಟ್ಟಿ ನಕ್ಷೆಗೆ ಅಂಟಿಕೊಂಡಿತ್ತು, ಹಳೆಯ ಫರಸಿ ಪದರಗಳನ್ನು ಕಿತ್ತು ಒಂದೇ ಪದರ ತಗ್ಗಿಸಿ ಹಾಸಬೇಕೆಂಬ ಷರತ್ತೂ ಇತ್ತು. ಕಲ್ಲು ಕಡಿಯುವ ಯಂತ್ರವಿರುವ ಹೊಸಬರೂ ಬಿಡ್ ಹಾಕಿದ್ದರಿಂದ ಬೇವಿನ ನೆರಳಿನ ಹೊಂದಾಣಿಕೆ ನಡೆಯಲಿಲ್ಲ. ದರದ ಲಕೋಟೆ ತೆರೆದಾಗ ಎಲ್ಲರಿಗಿಂತ ಕಡಿಮೆ ಹಾಕಿದ್ದವರು ಯಾರು ಗೊತ್ತೇ? ಜಲ್ಲಿಯ ರಾಶಿಯ ನಮ್ಮ ಗುತ್ತಿಗೆದಾರರೇ. ದಾಖಲೆಗಳನ್ನೆಲ್ಲ ಜಾಲಾಡಿದೆ, ಎಲ್ಲವೂ ಸರಿಯಿತ್ತು. ಅವರನ್ನು ಹೊರಗೆ ಹಾಕುವುದು ನನ್ನ ಹಟವಾಗಿರಲೇ ಇಲ್ಲ. ಶಿಫಾರಸು ಬರೆದು ಸಹಿ ಹಾಕಿದೆ. ಮಾರ್ಚ್ ಮುಗಿಯುವ ಮೊದಲೇ ಕಾರ್ಯಾದೇಶ ಹೊರಬಿತ್ತು.

“ಮೊದಲೇ ಕೊಟ್ಟಿದ್ರ ಇಷ್ಟೊತ್ತಿಗಿ ಮುಗಿಸಿಬಿಡ್ತಿದ್ದೆ ಮೇಡಂ,” ಎಂದರು ಅವರು ಕಾರ್ಯಾದೇಶ ಇಸಿದುಕೊಳ್ಳುತ್ತಾ.

“ಅದಕ್ಕೇ ಕೊಡಲಿಲ್ರಿ,” ಎಂದೆ.

ಅದಾದ ಸ್ವಲ್ಪ ದಿನಕ್ಕೆ ನನಗೆ ಚಿಂಚೋಳಿಗೆ ವರ್ಗವಾಯಿತು. ಆಡಳಿತದ ಹಿತದೃಷ್ಟಿಯಿಂದ ಎಂದು ಆದೇಶದಲ್ಲಿತ್ತು. ಯಾರ ಹಿತ ಎಂದು ನಾನು ಕೇಳಲಿಲ್ಲ, ಅರ್ಜಿ ಹಿಡಿದು ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ನೋಟಿಸಿಗೆ ಮಾತ್ರ ಉತ್ತರ ಕೊಟ್ಟೇ ಹೊರಟೆ: ಗೆರೆ ಎಳೆದದ್ದು ನಾನೇ, ಬೇಕಾದಲ್ಲಿ ಮತ್ತೆ ಎಳೆಯುತ್ತೇನೆ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಆ ದಾರಿಯಲ್ಲಿ ಹೋಗುವಾಗ ಬಸ್ ಇಳಿದು ಓಣಿಗೆ ಹೋದೆ. ಸಣ್ಣಗೆ ಮಳೆ ಸುರಿಯುತ್ತಿತ್ತು. ಫರಸಿ ತಗ್ಗಿದ್ದರಿಂದ ಇಳಿಯಲು ಈಗ ಒಂದೇ ಮೆಟ್ಟಿಲು. ತಮ್ಮ ಮಗಳ ಮದುವೆಗೆ ಹಾಸಿಸಿದ್ದ ಫರಸಿಯನ್ನು ಕೀಳುವಾಗ ಖಾಲಾ ಎದುರಿಗೇ ನಿಂತು, ಒಂದು ಮೂಲೆಯೂ ಮುಕ್ಕಾಗದಂತೆ ನೋಡಿಕೊಂಡು, ಈಗಿನ ಒಂದೇ ಪದರಕ್ಕೆ ಅದನ್ನೇ ಹಾಕಿಸಿಕೊಂಡಿದ್ದರಂತೆ. ಅದರ ಕೆಳಗೆ ಪೇಟೆಯ ನೀರು ಸದ್ದು ಮಾಡುತ್ತಾ ಕೋಡಿಯ ಕಡೆ ಓಡುತ್ತಿತ್ತು. ಬಾಗಿಲು ಹಾರು ಹೊಡೆದಿತ್ತು. ಹಿಟ್ಟಿನ ಡಬ್ಬಗಳು ನೆಲದ ಮೇಲಿದ್ದವು.

ನನ್ನ ಕಣ್ಣು ಬಾಗಿಲ ಹಿಂದಿನ ಮೂಲೆಗೆ ಹೋಯಿತು. ಅಲ್ಲಿ ಕೌದಿಯ ಉಂಡೆ ಇರಲಿಲ್ಲ.

“ಮೋರಿಗಿ ತುರುಕತಿದ್ದ ಕೌದಿ ಎಲ್ಲಿ ಖಾಲಾ?”

ಖಾಲಾ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ನನ್ನ ಕಾಲಿನ ಕಡೆ ಕೈ ತೋರಿಸಿದರು. ಹೊಲಿಗೆ ಬಿಚ್ಚಿ, ಒಗೆದು, ಹೊಸ್ತಿಲ ಮುಂದೆ ಹಾಸಿದ್ದರು.

“ನೀ ಅದರ ಮ್ಯಾಲೇ ನಿಂತೀದಿ. ಸುಣ್ಣಾ ಕಳಸಿದ್ದ ನಿಮ್ಮ ಆ ಸಾಹೇಬ್ರು ಬಂದ್ರೂ ಅದಕ್ಕೇ ಕಾಲ ಒರಸ್ಬೇಕು. ಒರಸು, ಒರಸಿ ಒಳಗ ಬಾ, ರೊಟ್ಟಿ ಬಿಸಿ ಅದ.”

ನಾನು ಎರಡೂ ಕಾಲನ್ನು ಚೆನ್ನಾಗಿ ಒರೆಸಿ ಒಳಗೆ ಹೋದೆ.